ತೊಗಲಿನ ಬಾಗಿಲು

ತೊಗಲಿನ ವಿಷಯದಲ್ಲಿ ನಮ್ಮ ಭಾಷೆಗೆ ಎರಡು ಮನಸ್ಸು. ಯಾರ ಮಾತೂ ನಾಟದವನನ್ನು ಕಂಡರೆ ‘ಅವನದು ಎಮ್ಮೆಯ ಚರ್ಮ’ ಎನ್ನುತ್ತೇವೆ. ಆಗ ಚರ್ಮವೆಂದರೆ ಗೋಡೆ, ಹೊರಗಿನದನ್ನು ಹೊರಗೇ ನಿಲ್ಲಿಸುವ ಕೋಟೆ. ದೀಪಾವಳಿಯ ನಸುಕಿನಲ್ಲಿ ಮೈಗೆಲ್ಲ ಎಣ್ಣೆ ತಿಕ್ಕಿದ ಅಜ್ಜಿ, ಬಿಸಿನೀರಿಗೆ ಅವಸರಪಡುವ ಮೊಮ್ಮಗನನ್ನು ‘ಇರೋ, ಎಣ್ಣೆ ಇಂಗಲಿ’ ಎಂದು ಮಣೆಯ ಮೇಲೆ ಕೂರಿಸುತ್ತಾಳೆ. ಆಗ ಅದೇ ಚರ್ಮ ಬಾಗಿಲು. ಅಜ್ಜಿಯ ಮಾತಿನಲ್ಲಿ ರಸಾಯನಶಾಸ್ತ್ರ ಎಷ್ಟಿತ್ತೋ ಹೇಳುವಂತಿಲ್ಲ. ಆದರೆ ಎಣ್ಣೆಯ ಜಾತಿಯ ವಸ್ತು ತೊಗಲನ್ನು ದಾಟಬಲ್ಲದು, ನೀರಿನಲ್ಲಿ ಮಾತ್ರ ಕರಗುವ ಉಪ್ಪಿನಂಥದು ಸುಲಭವಾಗಿ ದಾಟಲಾರದು ಎಂಬ ತೀರ್ಮಾನಕ್ಕೆ ಯುರೋಪಿನ ವಿದ್ವಾಂಸರು ಪ್ರಯೋಗಗಳ ಮೂಲಕ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ಅಷ್ಟು ಹೊತ್ತಿಗೆ ಈ ಸಂಗತಿಯನ್ನು ತಮ್ಮ ಮೈಮೇಲೆ ಬರೆಸಿಕೊಂಡು ಸತ್ತವರು ಬಹು ಮಂದಿ. ಅವರಲ್ಲಿ ಮೊದಲಿಗರು ಅಕ್ಷರ ಬಾರದ ಹುಡುಗರು.

1666ರ ಮಹಾದಹನದಲ್ಲಿ ಲಂಡನ್ ನಗರದ ಬಹುಭಾಗ ಸುಟ್ಟುಹೋಯಿತು. ಮತ್ತೆ ಕಟ್ಟಿದ ಮನೆಗಳಲ್ಲಿ ಸೌದೆಯ ಒಲೆಗಿಂತ ಕಲ್ಲಿದ್ದಲಿನ ಒಲೆಯೇ ಹೆಚ್ಚು. ಕಲ್ಲಿದ್ದಲಿಗೆ ಸೆಳೆತ ಬೇಕು. ಆದಕಾರಣ ಹೊಗೆಗೊಳವೆಗಳು ಕಿರಿದಾದವು, ಒಂದು ಕೋಣೆಯ ಗೊಳವೆ ಇನ್ನೊಂದನ್ನು ಕೂಡಲು ಅಡ್ಡ ತಿರುಗಿ ಡೊಂಕಾಯಿತು. ಅನೇಕ ಗೊಳವೆಗಳ ಅಳತೆ 14 ಅಂಗುಲ ಉದ್ದ, 9 ಅಂಗುಲ ಅಗಲ. ನಮ್ಮ ಹಳೆಯ ಅಡುಗೆಮನೆಗಳ ಮಾಡಿನಲ್ಲಿ ಜೋತಾಡುತ್ತಿದ್ದ ಇಲ್ಲಣವನ್ನು ಕಂಡವರಿಗೆ ಮಸಿಯ ಪರಿಚಯ ಹೇಳಬೇಕಾಗಿಲ್ಲ. ಕಲ್ಲಿದ್ದಲ ಮಸಿ ಅದಕ್ಕಿಂತ ಜಿಡ್ಡು, ಅದಕ್ಕಿಂತ ದಟ್ಟ. ತೆಗೆಯದೆ ಬಿಟ್ಟರೆ ಗೊಳವೆಯೇ ಹತ್ತಿಕೊಂಡು ಉರಿಯುತ್ತದೆ. ಒಂಬತ್ತು ಅಂಗುಲದ ಸಂದಿನಲ್ಲಿ ದೊಡ್ಡವರು ನುಗ್ಗುವಂತಿಲ್ಲ. ಮಕ್ಕಳು ನುಗ್ಗಬಹುದು.

ಹೀಗೆ ಹುಟ್ಟಿತು ‘ಹತ್ತುವ ಹುಡುಗ’ರ ಕಸಬು. ಐದಾರು ವರ್ಷದ ಅನಾಥರನ್ನು ಅವರ ಪ್ಯಾರಿಷ್‌ನವರೇ ಕಸಬಿನ ಯಜಮಾನನಿಗೆ ಒಪ್ಪಿಸುತ್ತಿದ್ದರು. ಬಡ ತಂದೆತಾಯಿಗಳು ನಾಲ್ಕು ಕಾಸು ಪಡೆದು ಮಾರುತ್ತಿದ್ದರು. ಹುಡುಗ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು, ಮೊಣಕೈ ಮೊಣಕಾಲುಗಳನ್ನು ಇಟ್ಟಿಗೆಗೆ ಒತ್ತಿ, ಹುಳುವಿನಂತೆ ಮೇಲಕ್ಕೆ ತೆವಳಬೇಕು. ಬಟ್ಟೆ ಸಿಕ್ಕಿಕೊಂಡರೆ ಪ್ರಾಣಾಪಾಯ. ಆದ್ದರಿಂದ ಬಹಳ ಇಕ್ಕಟ್ಟಾದ ಗೊಳವೆಗಳಲ್ಲಿ ಬಟ್ಟೆ ಕಳಚಿಯೇ ಹತ್ತುತ್ತಿದ್ದರು. ಕೈಕಾಲಿನ ತರಚು ಮಾಯುವ ಮೊದಲೇ ಮರುದಿನದ ಕೆಲಸ. ಎಳೆಯ ಚರ್ಮ ಗಟ್ಟಿಯಾಗಲೆಂದು ಯಜಮಾನರು ಮಕ್ಕಳನ್ನು ಧಗಧಗಿಸುವ ಬೆಂಕಿಯ ಮುಂದೆ ನಿಲ್ಲಿಸಿ ಉಪ್ಪುನೀರು ತಿಕ್ಕುತ್ತಿದ್ದರೆಂದು 1860ರ ದಶಕದ ಸರಕಾರಿ ವಿಚಾರಣೆಯಲ್ಲಿ ಆ ಕಸಬಿನವರೇ ಸಾಕ್ಷ್ಯ ನುಡಿದರು. ಮಸಿ ಯಜಮಾನನ ಸೊತ್ತು. ರೈತರು ಗೊಬ್ಬರಕ್ಕಾಗಿ ಕೊಳ್ಳುತ್ತಿದ್ದರು. ಮಾರಾಟವಾಗುವವರೆಗೆ ಆ ಮಸಿಯ ಚೀಲವೇ ಹುಡುಗನಿಗೆ ಹಾಸಿಗೆ, ಖಾಲಿಯಾದ ಚೀಲವೇ ಹೊದಿಕೆ. ಸ್ನಾನ ಎಂದೋ ಒಮ್ಮೆ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಈ ಹುಡುಗರು ಅಪರಿಚಿತರಲ್ಲ. ಚಾರ್ಲ್ಸ್ ಲ್ಯಾಂಬ್ 1822ರಲ್ಲಿ ಇವರನ್ನು ಕುರಿತು ಬರೆದ ಪ್ರಬಂಧ ಪ್ರಸಿದ್ಧವಾದದ್ದು. ಪ್ರೀತಿಯಿಂದ ಬರೆದದ್ದೇ, ಹಾಸ್ಯವೂ ಉಂಟು, ಕರುಣೆಯೂ ಉಂಟು. ಆದರೆ ಆ ಹುಡುಗರ ಮೈಗೆ ಮೆತ್ತಿದ ಕಪ್ಪು ಅವರ ಮೈಯೊಳಗೆ ಏನು ಮಾಡುತ್ತಿತ್ತೆಂಬುದು ಅಚ್ಚಾಗಿ 47 ವರ್ಷ ಕಳೆದಿದ್ದಿತು. ಅದನ್ನು ಬರೆದವನು ಸಾಹಿತಿಯಲ್ಲ, ಶಸ್ತ್ರವೈದ್ಯ.

ಪರ್ಸಿವಲ್ ಪಾಟ್ ಲಂಡನ್ನಿನ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯ ವೈದ್ಯ. 1756ರಲ್ಲಿ ಕುದುರೆಯಿಂದ ಬಿದ್ದು ತನ್ನ ಕಾಲನ್ನೇ ಮುರಿದುಕೊಂಡವನು. ಹಾಸಿಗೆಯಲ್ಲಿ ಬಿದ್ದಿರಬೇಕಾಗಿ ಬಂದಾಗ ಬರೆಯತೊಡಗಿದನಂತೆ. 1775ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಕಣ್ಣಿನ ಪೊರೆ, ಮೂಗಿನ ದುರ್ಮಾಂಸ, ಅಂಡವಾಯು ಮೊದಲಾದವುಗಳ ನಡುವೆ ಕೆಲವೇ ಪುಟಗಳ ಒಂದು ಭಾಗವಿದೆ. ಹೊಗೆಗೊಳವೆ ಗುಡಿಸಿದವರಿಗೆ, ಪ್ರಾಯಕ್ಕೆ ಬಂದ ಮೇಲೆ, ವೃಷಣಕೋಶದ ತೊಗಲಿನ ಮೇಲೆ ಒಂದು ಹುಣ್ಣು ಏಳುತ್ತದೆ. ಅದು ಕ್ಯಾನ್ಸರ್, ಹಿಂದಿನವರು ಏಡಿಹುಣ್ಣು ಎನ್ನುತ್ತಿದ್ದ ರೋಗ. ಸಭ್ಯರ ಪತ್ರಿಕೆಯಲ್ಲಿ ಹೆಸರಿಸಲು ಸಂಕೋಚವಾಗುವ ಅಂಗವಿದು, ಓದುಗರು ಕ್ಷಮಿಸಬೇಕು. ಆ ಸಂಕೋಚವೇ ರೋಗಿಗಳ ಪ್ರಾಣ ತೆಗೆಯಿತೆಂಬುದೂ ಕಥೆಯ ಒಂದು ಭಾಗ. ಅನ್ಯ ವೈದ್ಯರು ಅದನ್ನು ಗುಹ್ಯರೋಗವೆಂದು ಬಗೆದು ಪಾದರಸ ಕೊಟ್ಟು ಕಳುಹಿಸುತ್ತಿದ್ದರು. ಹುಣ್ಣು ಒಳಗೆ ಹಬ್ಬಿದ ಮೇಲೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಕಸಬಿನವರು ಮಾತ್ರ ಅದಕ್ಕೆ ‘ಮಸಿಯ ನರೂಲಿ’ ಎಂಬರ್ಥದ ಹೆಸರನ್ನು ಮೊದಲೇ ಇಟ್ಟಿದ್ದರು. ರೋಗದ ಕಾರಣ ಅವರ ಪದದಲ್ಲಿಯೇ ಇತ್ತು. ವೈದ್ಯರಿಗೆ ಅದು ಕೇಳಿಸಿರಲಿಲ್ಲ. ಪಾಟ್‌ನಿಗೆ ಕೇಳಿಸಿತು. ಚರ್ಮದ ಸುಕ್ಕುಗಳಲ್ಲಿ ಮಸಿ ನೆಲೆನಿಲ್ಲುವುದೇ ಇದಕ್ಕೆ ಮೂಲವೆಂದು ಅವನು ಬರೆದನು. ಒಂದು ಕಸಬಿಗೂ ಒಂದು ಕ್ಯಾನ್ಸರಿಗೂ, ಹೊರಗಿನ ಒಂದು ವಸ್ತುವಿಗೂ ಒಳಗಿನ ರೋಗಕ್ಕೂ ಹೀಗೆ ಗಂಟು ಹಾಕಿ ತೋರಿಸಿದ್ದು ವೈದ್ಯಶಾಸ್ತ್ರದಲ್ಲಿ ಇದೇ ಮೊದಲೆಂದು ಎಣಿಸುತ್ತಾರೆ.

ಕಾರಣ ತಿಳಿಯಿತು, ಇನ್ನೇನು, ಮಕ್ಕಳು ಬದುಕಿಕೊಂಡರು ಎಂದು ನಾವು ಎಣಿಸಬಹುದು. 1788ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿತು: ಎಂಟು ವರ್ಷಕ್ಕಿಂತ ಚಿಕ್ಕವರನ್ನು ಈ ಕಸಬಿಗೆ ಸೇರಿಸಕೂಡದು. ಜಾರಿಗೆ ತರುವವರಿಲ್ಲ. 1803ರಲ್ಲಿ ಜಾರ್ಜ್ ಸ್ಮಾರ್ಟ್ ಎಂಬಾತ ಜೋಡಿಸಿ ಮೇಲಕ್ಕೆ ತಳ್ಳಬಹುದಾದ ಉದ್ದನೆಯ ಬ್ರಷ್ಷನ್ನು ಮಾಡಿ ತೋರಿಸಿದನು. ಹುಡುಗರ ಅಗತ್ಯವೇ ಇಲ್ಲವಾಯಿತು. ಆದರೆ ಬ್ರಷ್ಷು ಡೊಂಕು ಗೊಳವೆಗಳಲ್ಲಿ ತಿರುಗುವುದಿಲ್ಲ, ರತ್ನಗಂಬಳಿ ಕೊಳೆಯಾಗುತ್ತದೆ ಎಂದು ಮನೆಯವರ ತಕರಾರು. ಕೆಳಮನೆಯವರು ಒಪ್ಪಿದ ಮಸೂದೆಯನ್ನು ಪ್ರಭುಗಳ ಸಭೆ ತಳ್ಳಿಹಾಕಿತು. ದೊಡ್ಡ ಮನೆಗಳಲ್ಲಿಯೇ ಗೊಳವೆಗಳು ಹೆಚ್ಚು ಡೊಂಕಾಗಿರುತ್ತಿದ್ದುವೆಂಬುದನ್ನು ನೆನಪಿಟ್ಟರೆ ಪ್ರಭುಗಳ ಮನಸ್ಸು ಅರ್ಥವಾಗದಿರದು. 1834ರಲ್ಲಿ ಇನ್ನೊಂದು ಕಾನೂನು, 1840ರಲ್ಲಿ ಮತ್ತೊಂದು, 1864ರಲ್ಲಿ ಮಗುದೊಂದು. 1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಹತ್ತಿರದ ಫುಲ್‌ಬೋರ್ನಿನ ಆಸ್ಪತ್ರೆಯ ಗೊಳವೆಯಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹನ್ನೆರಡು ವರ್ಷದ ಹುಡುಗ ಸಿಕ್ಕಿಕೊಂಡನು. ಗೋಡೆ ಒಡೆದು ಹೊರತೆಗೆದರೂ ಬದುಕಲಿಲ್ಲ. ಆ ವರ್ಷದ ಕಾನೂನು ಪ್ರತಿಯೊಬ್ಬ ಯಜಮಾನನೂ ಪೋಲೀಸರಿಂದ ಪರವಾನಗಿ ಪಡೆಯಬೇಕೆಂದು ವಿಧಿಸಿತು. ಹುಡುಗರು ಹತ್ತುವುದು ಅಲ್ಲಿಗೆ ನಿಂತಿತು. ಪಾಟ್‌ನ ಪುಸ್ತಕ ಬಂದು ಸರಿಯಾಗಿ ನೂರು ವರ್ಷ.

ಹುಡುಗರು ನಿಂತರೂ ಹುಣ್ಣು ನಿಲ್ಲಲಿಲ್ಲ; ಬ್ರಷ್ಷು ಹಿಡಿದ ದೊಡ್ಡವರಿಗೂ ಬರುತ್ತಿತ್ತು. ವಿಚಿತ್ರವೆಂದರೆ ಯುರೋಪಿನ ಇತರ ದೇಶಗಳಲ್ಲಿ ಅದೇ ಕಸಬಿನವರಿಗೆ ಅದು ಬಹು ವಿರಳ. ಪಾಟ್‌ನ ಆಸ್ಪತ್ರೆಯವನೇ ಆದ ಹೆನ್ರಿ ಬಟ್ಲಿನ್ ಇದರ ಗುಟ್ಟನ್ನು ಅರಸಿ 1892ರಲ್ಲಿ ತನ್ನ ಉಪನ್ಯಾಸಗಳನ್ನು ಪ್ರಕಟಿಸಿದನು. ಅಂಥ ದೊಡ್ಡ ಗುಟ್ಟೇನೂ ಅಲ್ಲ. ಅಲ್ಲಿಯವರು ಕುತ್ತಿಗೆಯಿಂದ ಕಾಲಿನವರೆಗೆ ಮೈಗೆ ಅಂಟಿದ ಬಿಗಿಯುಡುಪು ತೊಡುತ್ತಿದ್ದರು. ಸಂಜೆ ಮನೆಗೆ ಬಂದು ಮೈ ತೊಳೆಯುತ್ತಿದ್ದರು. ಬಟ್ಟೆ ಮತ್ತು ನೀರು! ನೂರಾರು ಪ್ರಾಣಗಳಿಗೆ ಬೇಕಾಗಿದ್ದ ಔಷಧ ಇಷ್ಟೇ.

ಮಸಿಯ ನೆಂಟರು ಒಬ್ಬೊಬ್ಬರಾಗಿ ಹೊರಬಿದ್ದರು. ಜರ್ಮನಿಯ ಹಾಲೆ ನಗರದ ಫೋಲ್ಕ್‌ಮನ್ 1875ರಲ್ಲಿ ಡಾಂಬರು, ಪ್ಯಾರಫಿನ್ ಕೆಲಸಗಾರರಲ್ಲಿ ಅದೇ ಹುಣ್ಣನ್ನು ಕಂಡನು. ಮರುವರ್ಷ ಎಡಿನ್‌ಬರೊದ ಜೋಸೆಫ್ ಬೆಲ್ ಎಣ್ಣೆ ತೆಗೆಯುವ ಕಾರ್ಖಾನೆಯವರಲ್ಲಿ ಕಂಡನು. (ಷರ್ಲಾಕ್ ಹೋಮ್ಸ್‌ನ ಪಾತ್ರಕ್ಕೆ ಮಾದರಿಯಾದ ವೈದ್ಯ ಈತನೇ. ಈ ಪತ್ತೆದಾರಿಯನ್ನು ಕಥೆಗಾರರು ಯಾರೂ ಕಥೆಯಾಗಿಸಲಿಲ್ಲ.) 1922ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ತಮ್ಮ ಆಸ್ಪತ್ರೆಯ ದಾಖಲೆ ತೆಗೆದು ನೋಡಿದಾಗ, ಗೊಳವೆ ಗುಡಿಸುವವರಿಗಿಂತ ಹತ್ತಿಗಿರಣಿಯ ನೂಲುವವರೇ ಈ ರೋಗಕ್ಕೆ ಹೆಚ್ಚಾಗಿ ತುತ್ತಾಗಿದ್ದರು. ಕದಿರುಗಳಿಗೆ ಬಿಡುವ ಖನಿಜ ಎಣ್ಣೆ ಸಿಡಿದು ಷರಾಯಿಗಳು ದಿನವಿಡೀ ತೊಯ್ದಿರುತ್ತಿದ್ದುವು. ಹಾಗಾಗಿ ಬಟ್ಟೆಯೆಂದರೆ ರಕ್ಷೆ ಎಂದು ಸುಮ್ಮನೆ ಹೇಳುವಂತಿಲ್ಲ; ತೊಯ್ದ ಬಟ್ಟೆ ವಿಷವನ್ನು ಮೈಗೆ ಕಟ್ಟಿಹಾಕುವ ಪಟ್ಟಿಯಾದೀತು. ಈ ಮಾತನ್ನು ಮುಂದಕ್ಕೆ ನೆನಪಿಡಬೇಕು.

ಡಾಂಬರೇ ಕಾರಣವೆಂದು ಪ್ರಯೋಗದಿಂದ ತೋರಿಸಿದ ಕೀರ್ತಿ ಜಪಾನಿನದು. ಟೋಕಿಯೋ ವಿಶ್ವವಿದ್ಯಾಲಯದ ಯಮಾಗಿವ, ಇಚಿಕಾವ ಎಂಬಿಬ್ಬರು ಮೊಲಗಳ ಕಿವಿಗೆ ಕಲ್ಲಿದ್ದಲ ಡಾಂಬರನ್ನು ಎರಡು ಮೂರು ದಿನಗಳಿಗೊಮ್ಮೆ, ವರ್ಷಕ್ಕೂ ಮೇಲ್ಪಟ್ಟು, ಬಿಡದೆ ಹಚ್ಚಿದರು. 1915ರಲ್ಲಿ ಕಿವಿಯಲ್ಲಿ ಕ್ಯಾನ್ಸರ್ ಎದ್ದದ್ದನ್ನು ಪ್ರಕಟಿಸಿದರು. ಯಮಾಗಿವ ಆ ಸಂತೋಷದಲ್ಲಿ ಒಂದು ಹಾಯ್ಕು ಬರೆದನೆಂಬುದು ಸಾಹಿತ್ಯದವರಿಗೆ ರುಚಿಸುವ ಸಂಗತಿ. ನೊಬೆಲ್ ಪಾರಿತೋಷಕ ಅವನಿಗೆ ಬರಲಿಲ್ಲ. ಇಲಿಗಳ ಹೊಟ್ಟೆಯ ಹುಳುವೇ ಕ್ಯಾನ್ಸರಿಗೆ ಕಾರಣವೆಂದ ಡೆನ್ಮಾರ್ಕಿನ ಫಿಬಿಗರ್‌ನಿಗೆ 1926ರ ಪಾರಿತೋಷಕ ಹೋಯಿತು. ಆ ಹುಳುವಿನ ವಾದ ಆಮೇಲೆ ಬಿದ್ದುಹೋಯಿತು. 1933ರಲ್ಲಿ ಲಂಡನ್ನಿನ ಸಂಶೋಧಕರು ಎರಡು ಟನ್ ಡಾಂಬರಿನ ಗಷ್ಟನ್ನು ಸೋಸಿ ಸೋಸಿ ಅದರಲ್ಲಿದ್ದ ಅಪರಾಧಿಯನ್ನು ಹಿಡಿದರು; ಅದರ ಹೆಸರು ಬೆಂಜೋಪೈರೀನ್. ಕಲ್ಲಿದ್ದಲ ಮಸಿಯಲ್ಲಿಯೂ ಇದೇ ಇರುವುದು. ನೀರಿನಲ್ಲಿ ಕರಗದ, ಜಿಡ್ಡಿನಲ್ಲಿ ಕರಗುವ ವಸ್ತು.

ಇಲ್ಲಿಯವರೆಗೆ ಹೇಳಿದ್ದು ತೊಗಲಿನೊಳಗೆ ಇಳಿದು ಅಲ್ಲಿಯೇ ಕೆಡಕು ಮಾಡಿದ ವಿಷದ ಕಥೆ. ತೊಗಲನ್ನು ದಾಟಿ ನೆತ್ತರಿಗೇ ಸೇರುವ ವಿಷದ ಕಥೆ ಬೇರೊಂದು ಕಡೆ ಮೊದಲಾಯಿತು. 1886ರಲ್ಲಿ ಲಂಡನ್ನಿನ ರೇನರ್ ಎಂಬ ವೈದ್ಯ ಹಸುಗೂಸುಗಳು ಇದ್ದಕ್ಕಿದ್ದಂತೆ ನೀಲಿಗಟ್ಟಿದ್ದನ್ನು ವರದಿ ಮಾಡಿದನು. ಹಾಲು ಸರಿಯಾಗಿತ್ತು, ಗಾಳಿ ಸರಿಯಾಗಿತ್ತು. ತಪ್ಪು ಇದ್ದದ್ದು ಕೂಸಿನ ಕೆಳಗೆ ಸುತ್ತುವ ಬಟ್ಟೆಯಲ್ಲಿ. ಅದರ ಮೇಲೆ ಒತ್ತಿದ್ದ ಹಸಿ ಮೊಹರಿನಲ್ಲಿ. ಶಾಯಿಯಲ್ಲಿ ಅನಿಲೀನ್ ಇತ್ತು. ಕೂಸು ಒದ್ದೆ ಮಾಡಿಕೊಂಡಾಗ ಅದು ಎಳೆಯ ತೊಗಲಿನ ಮೂಲಕ ಒಳಹೊಕ್ಕು, ರಕ್ತ ಪ್ರಾಣವಾಯುವನ್ನು ಹೊರಲಾರದಂತೆ ಮಾಡಿತು. ಮೊಹರಾದ ಮೇಲೆ ಬಟ್ಟೆಯನ್ನು ಕುದಿಸಿ ಒಗೆದಿದ್ದರೆ ಏನೂ ಆಗುತ್ತಿರಲಿಲ್ಲ. 1900ರಲ್ಲಿ ಪ್ಯಾರಿಸ್ಸಿನಲ್ಲಿ, ಜೋಡುಗಳಿಗೆ ಹೊಸದಾಗಿ ಕಪ್ಪು ಬಣ್ಣ ಹಾಕಿಸಿ ಒಣಗುವ ಮೊದಲೇ ಮೆಟ್ಟಿಕೊಂಡ ಮಕ್ಕಳು ಇದೇ ರೀತಿ ನೀಲಿಗಟ್ಟಿ ಕುಸಿದರು. ಬಾಯಿಂದ ಏನನ್ನೂ ತಿನ್ನದೆ, ಕಾಲಿಗೆ ಮೆಟ್ಟಿದ ಜೋಡಿನಿಂದ ವಿಷವೇರುವುದು! ತೊಗಲು ಗೋಡೆಯೆಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಬಿರುಕು ಬೇಕಿರಲಿಲ್ಲ. 1904ರಲ್ಲಿ ಜರ್ಮನಿಯ ಶ್ವೆಂಕೆನ್‌ಬೆಖರ್ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಕೊಬ್ಬಿನಲ್ಲಿ ಕರಗುವ ವಸ್ತುಗಳಿಗೆ ತೊಗಲು ದಾರಿ ಬಿಡುತ್ತದೆಂದು ಬರೆದನು. ಅಜ್ಜಿಯ ‘ಇಂಗಲಿ’ಗೆ ಶಾಸ್ತ್ರದ ಮುದ್ರೆ ಬಿದ್ದದ್ದು ಆಗ.

ದಾರಿ ಯಾವುದು? ತೊಗಲಿನ ಹೊರಪದರ ಸತ್ತ ಕೋಶಗಳದು. ಹದಿನೈದಿಪ್ಪತ್ತು ಸುತ್ತು, ಒಂದರ ಮೇಲೊಂದು. ಅಷ್ಟೂ ಸೇರಿದರೆ ತಾವು ಕೈಯಲ್ಲಿ ಹಿಡಿದಿರುವ ಪತ್ರಿಕೆಯ ಕಾಗದದ ದಪ್ಪದಲ್ಲಿ ಮೂರನೆಯ ಒಂದು ಪಾಲೂ ಬಾರದು. ಕೋಶಗಳು ಇಟ್ಟಿಗೆಯಾದರೆ ನಡುವಣ ಗಾರೆ ಜಿಡ್ಡಿನದು. ನೀರು, ಉಪ್ಪು ಆ ಗಾರೆಯಲ್ಲಿ ತಡೆಯುತ್ತವೆ. ಜಿಡ್ಡಿನ ಬಂಧುಗಳಾದ ಸಣ್ಣ ಅಣುಗಳು ಗಾರೆಯಲ್ಲಿಯೇ ಕರಗಿ, ಇಟ್ಟಿಗೆಗಳನ್ನು ಬಳಸಿ ಬಳಸಿ ಒಳಕ್ಕೆ ನಡೆಯುತ್ತವೆ. ಬೆವರು, ಬಿಸಿಲು, ತರಚು ಇದ್ದರೆ ನಡಿಗೆ ಓಟವಾಗುತ್ತದೆ. ಕೈ ತೊಳೆದ ಮೇಲೂ ಗಾರೆಯಲ್ಲಿ ಸಿಕ್ಕಿದ್ದು ಗಂಟೆಗಟ್ಟಲೆ ಒಳಗಿಳಿಯುತ್ತಿರುತ್ತದೆ.

ಪಾಟ್‌ನ ಕಾಲದಿಂದ ಉಳಿದಿದ್ದ ಒಗಟೊಂದಕ್ಕೆ 1967ರಲ್ಲಿ ಉತ್ತರ ಬಂದಿತು. ಮಸಿ ಮೈಗೆಲ್ಲ ಮೆತ್ತುತ್ತಿತ್ತಲ್ಲ, ಹುಣ್ಣು ಆ ಒಂದೇ ಜಾಗದಲ್ಲಿ ಏಕೆ? ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಫೆಲ್ಡ್‌ಮನ್ ಮತ್ತು ಮೈಬಾಕ್ ಒಂದೇ ವಸ್ತುವನ್ನು ಮನುಷ್ಯರ ಮೈಯ ಬೇರೆ ಬೇರೆ ಭಾಗಗಳಿಗೆ ಹಚ್ಚಿ, ಎಷ್ಟು ಒಳಹೋಯಿತೆಂದು ಮೂತ್ರದಲ್ಲಿ ಅಳೆದರು. ಮುಂಗೈಯಲ್ಲಿ ಹೋದದ್ದು ಒಂದು ಪಾಲೆಂದರೆ ಹಣೆಯಲ್ಲಿ 6 ಪಾಲು, ದವಡೆಯ ಮೂಲೆಯಲ್ಲಿ 13 ಪಾಲು, ವೃಷಣಕೋಶದಲ್ಲಿ 42 ಪಾಲು. ಅಂಗಾಲಿನಲ್ಲಿ ಒಂದು ಪಾಲಿನ ಏಳನೆಯ ಒಂದು ಭಾಗ ಮಾತ್ರ. ಪ್ಯಾರಾಥಯಾನ್ ಎಂಬ ಕೀಟನಾಶಕವನ್ನು ಹೀಗೆಯೇ ಅಳೆದ ಫಲಿತಾಂಶ 1971ರಲ್ಲಿ ಬಂದಿತು: ಮುಂಗೈಗೆ ಹಚ್ಚಿದ್ದರಲ್ಲಿ ನೂರಕ್ಕೆ 9ರಷ್ಟು ದೇಹಕ್ಕೆ ಸೇರಿತು, ಹಣೆಗೆ ಹಚ್ಚಿದ್ದರಲ್ಲಿ 36, ಕಂಕುಳಲ್ಲಿ 64, ತೊಡೆಸಂದಿನ ಆ ಕೋಶದ ಮೇಲೆ ಹಚ್ಚಿದ್ದು ಹೆಚ್ಚುಕಡಮೆ ಪೂರ್ತಿ. ಇಕ್ಕಟ್ಟು ಗೊಳವೆಯಲ್ಲಿ ಬಟ್ಟೆ ಕಳಚಿ, ಬೆವರಿ ಹತ್ತುತ್ತಿದ್ದ ಹುಡುಗ ತನ್ನ ಮೈಯ ಅತ್ಯಂತ ತೆಳುವಾದ ಬಾಗಿಲನ್ನೇ ಮಸಿಗೆ ತೆರೆದಿಟ್ಟಿದ್ದನು.

ಇಂಥ ಅಂಕೆಗಳನ್ನು ಓದುವಾಗ ಒಂದು ಸಂಗತಿಯನ್ನು ಮರೆಯಬಾರದು. ಅದೇ ವಿಶ್ವವಿದ್ಯಾಲಯದ ಚರ್ಮವೈದ್ಯರು 1960 ಮತ್ತು 70ರ ದಶಕಗಳಲ್ಲಿ ವಾಕವಿಲ್ ಎಂಬ ಊರಿನ ಸೆರೆಮನೆಯ ಕೈದಿಗಳ ಮೇಲೆ ಪ್ರಯೋಗ ನಡೆಸಿದರು. ಕೀಟನಾಶಕ, ಕಳೆನಾಶಕಗಳನ್ನು ಅವರ ತೊಗಲಿಗೆ ಹಚ್ಚಿದರು, ಕೆಲವರ ರಕ್ತನಾಳಕ್ಕೂ ಚುಚ್ಚಿದರು. ಒಳಗಾದವರು ಕಡಮೆಯೆಂದರೂ 2600 ಮಂದಿ. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯ ಇದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿತು. ಅನಾಥ ಹುಡುಗರು, ಕೂಸುಗಳು, ಕೈದಿಗಳು. ತೊಗಲಿನ ಶಾಸ್ತ್ರಕ್ಕೆ ಪಾಠ ಹೇಳಿಕೊಟ್ಟವರು ಯಾರೆಂದು ನೋಡಿದರೆ ‘ಒಲ್ಲೆ’ ಎನ್ನುವ ಸ್ಥಿತಿಯಲ್ಲಿಲ್ಲದವರೇ ಬಹಳ.

ಅದಕ್ಕೆ ಹೊರತಾದ ಒಂದು ಹೆಸರುಂಟು. ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್. 1996ರ ಆಗಸ್ಟಿನಲ್ಲಿ ಡೈಮೀಥೈಲ್ ಪಾದರಸದ ಒಂದೆರಡು ತೊಟ್ಟು ಆಕೆಯ ರಬ್ಬರು ಕೈಚೀಲದ ಮೇಲೆ ಬಿದ್ದುವು. ಆ ಕೈಚೀಲವನ್ನು ದಾಟಲು ಅದಕ್ಕೆ ಹದಿನೈದು ಸೆಕೆಂಡು ಸಾಕೆಂದು ಅನಂತರ ಪರೀಕ್ಷೆಯಿಂದ ತಿಳಿಯಿತು. ಆಕೆ 1997ರ ಜೂನಿನಲ್ಲಿ ತೀರಿಕೊಂಡರು. ಮರುವರ್ಷವೇ ಅಮೆರಿಕದ ಸರಕಾರ ಯಾವ ಬಗೆಯ ಕೈಚೀಲ ತೊಡಬೇಕೆಂದು ಎಚ್ಚರಿಕೆಯ ಪತ್ರ ಹೊರಡಿಸಿತು. ಆ ವಿದುಷಿಯ ಸಾವಿಗೆ ಮರುಗದವರಿಲ್ಲ. ಆದರೂ ಒಂದು ವರ್ಷವೆಲ್ಲಿ, ಗೊಳವೆಯ ಹುಡುಗರ ನೂರು ವರ್ಷವೆಲ್ಲಿ!

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ತೊಗಲಿಗೂ ರಾಸಾಯನಿಕಕ್ಕೂ ಹತ್ತಿರದ ಸಂಬಂಧ ಬೆಳೆದದ್ದು ಹೊಗೆಗೊಳವೆಯಲ್ಲಲ್ಲ, ಹೊಲತೋಟಗಳಲ್ಲಿ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಹೊಡೆಯಲು ಕಲಿಸಿದನು. ಗೊನೆಗೆ ಕೊಟ್ಟೆ ಕಟ್ಟಿ ಸಾಕಾಗಿದ್ದ ಮಲೆನಾಡಿಗೆ ಅದು ವರವಾಯಿತು. ಮರದಿಂದ ಇಳಿದ ಕೊನೆಗಾರನ ಮೈ ನೀಲಿಯಾಗಿರುತ್ತಿತ್ತು, ಕಣ್ಣು ಉರಿಯುತ್ತಿತ್ತು. ಆದರೆ ತಾಮ್ರದ ಉಪ್ಪು ನೀರಿನ ಜಾತಿಯದು. ಗಾಯವಿಲ್ಲದ ತೊಗಲನ್ನು ದಾಟುವುದು ತೀರ ಅಲ್ಪ. ಮೈಮೇಲಿನ ಬಣ್ಣವೇ ‘ನನ್ನನ್ನು ತೊಳೆ’ ಎಂದು ಹೇಳುತ್ತಿತ್ತು. ಆಮೇಲೆ ಬಂದ ಪ್ಯಾರಾಥಯಾನಿನ ಬಳಗದವು ಹಾಗಲ್ಲ. ಅವು ಎಣ್ಣೆಯ ಜಾತಿ. ಬಣ್ಣ ಹತ್ತುವುದಿಲ್ಲ, ಎಷ್ಟೋ ವೇಳೆ ಉರಿಯೂ ಇಲ್ಲ; ಬೆನ್ನಿನ ಪಂಪು ಸೋರಿ ಅಂಗಿ ತೊಯ್ದರೆ ನೂಲುವವನ ಷರಾಯಿಯ ಕಥೆಯೇ. ತಲೆ ಸುತ್ತಿ, ಕಣ್ಣು ಮಂಜಾಗಿ, ಜೊಲ್ಲು ಸುರಿಯತೊಡಗಿದಾಗ ಬಿಸಿಲು ಬಡಿಯಿತೆಂದುಕೊಂಡು ಮರದ ನೆರಳಿಗೆ ಹೋಗಿ ಮಲಗುತ್ತಾರೆ. ಅಂಗಿ ಮೈಮೇಲೆಯೇ ಇರುತ್ತದೆ.

ಭಾಷೆಯ ಮೇಷ್ಟರಿಗೆ ಇಲ್ಲಿ ಒಂದು ಕುತೂಹಲ. ಹಳೆಯ ಮೈಸೂರಿನ ಕಡೆ ಈ ವಿಷವನ್ನು ‘ಔಷಧ ಹೊಡೆಯುವುದು’ ಎನ್ನುತ್ತಾರೆ. ಬಡಗಣ ಕನ್ನಡದಲ್ಲಿ ‘ಎಣ್ಣಿ ಹೊಡೆಯುವುದು’. ಔಷಧವೆಂದವರು ಅಂಜುವುದನ್ನು ಮರೆತರು. ಎಣ್ಣೆಯೆಂದವರು ಅದರ ಸ್ವಭಾವವನ್ನೇ ಹೆಸರಿಸಿದರು, ‘ಮಸಿಯ ನರೂಲಿ’ ಎಂದ ಹುಡುಗರಂತೆ.

ಕಾನೂನು ನಮ್ಮಲ್ಲಿಯೂ ಇದೆ. 1968ರ ಕೀಟನಾಶಕ ಕಾಯಿದೆ, 1971ರ ನಿಯಮಗಳು. ಸಿಂಪಡಿಸುವವರಿಗೆ ರಕ್ಷಣೆಯ ಉಡುಪು ಇರಬೇಕೆಂದು ಅವುಗಳಲ್ಲಿ ಬರೆದಿದೆ. 2017ರ ಮಳೆಗಾಲದಲ್ಲಿ ವಿದರ್ಭದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಗಿಡಗಳು ಆಳೆತ್ತರ ಬೆಳೆದಿದ್ದುವು. ಸೊಂಟದ ಮಟ್ಟದಲ್ಲಿ ಬೀಳಬೇಕಾದ ಸಿಂಪಡಿಕೆ ಮುಖ, ಕುತ್ತಿಗೆ, ಎದೆಯ ಮೇಲೆ ಬಿದ್ದಿತು. ಸುಮಾರು 20 ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಉಡುಪು ತೊಟ್ಟಿದ್ದವರನ್ನು ಹುಡುಕಬೇಕಾಗಿತ್ತು. ಅವರನ್ನು ಬೈಯುವುದು ಸುಲಭ. ಆದರೆ ಪ್ಲಾಸ್ಟಿಕ್ಕಿನ ನಿಲುವಂಗಿ ತೊಟ್ಟು ರಾಯಚೂರಿನ ಸೆಕೆಯಲ್ಲಿ ಒಂದು ಎಕರೆ ನಡೆದು ನೋಡಿದವರು ಬೈಯಲಾರರು.

ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ಈ ಕಷ್ಟವನ್ನು ಬೇರೆ ದಿಕ್ಕಿನಿಂದ ನೋಡಿದರು. ವಿಷವನ್ನು ತಡೆಯುವುದಲ್ಲ, ತೊಗಲು ಮುಟ್ಟುವ ಮೊದಲೇ ಮುರಿದುಬಿಡುವುದು. 2018ರಲ್ಲಿ ಮೈಗೆ ಹಚ್ಚಿಕೊಳ್ಳುವ ಒಂದು ಲೇಪವನ್ನು ಇಲಿಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಆಮೇಲೆ ಆ ಗುಣವನ್ನು ಹತ್ತಿಯ ಬಟ್ಟೆಗೇ ಹತ್ತಿಸಿದರು. ನೇಯ್ಗೆಯಲ್ಲಿ ಗಾಳಿಯಾಡುತ್ತದೆ, ಎಳೆಯನ್ನು ತಾಕಿದ ವಿಷ ಒಡೆದುಹೋಗುತ್ತದೆ. ‘ಕಿಸಾನ್ ಕವಚ’ವೆಂದು ಹೆಸರಿಟ್ಟ ಈ ಉಡುಪನ್ನು 2024ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಬಿಡುಗಡೆ ಮಾಡಿದರು. ಒಗೆದು ಒಗೆದು ವರ್ಷದ ಮೇಲೂ ತೊಡಬಹುದಂತೆ. ಬೆಲೆ ಸುಮಾರು 4000 ರೂಪಾಯಿ ಎಂದು ಆಗ ಸಾರಿದರು. ಪಂಪು ಹೊರುವವನು ಎಷ್ಟೋ ಕಡೆ ಹೊಲದ ಒಡೆಯನಲ್ಲ, ಆ ದಿನದ ಕೂಲಿಗೆ ಬಂದವನು. ಪಂಪು ಒಡೆಯನದು, ಎಣ್ಣೆಯೂ ಒಡೆಯನದು. ಕವಚ ಯಾರದಾಗಬೇಕೆಂಬುದು ಇನ್ನು ಇತ್ಯರ್ಥವಾಗಬೇಕು.